ಸಲಾಡ್ ಡ್ರೆಸ್ಸಿಂಗ್‌ನಲ್ಲಿ ಕೊಬ್ಬು ಇರಲಿ, ಅಳೆಯೋಕೆ ಚಮಚವೂ ಇರಲಿ

ಇವತ್ತಿನ ಕಂತಿನಲ್ಲಿ ಅತಿಥಿಗಳು ಯಾರೂ ಇಲ್ಲ. ಒಂದು ವಿಷಯದ ಬಗ್ಗೆ ನಮ್ಮದೇ ಅಭಿಪ್ರಾಯ ಹೇಳಬೇಕು ಅಂತ ಕೂತಿದ್ದೀವಿ. ವಿಷಯ ಸಣ್ಣದು ಅನ್ನಿಸಬಹುದು: ಸಲಾಡ್ ಮೇಲೆ ಸುರಿಯುವ ಬಿಳಿ, ಕೆನೆಯಂಥ ಡ್ರೆಸ್ಸಿಂಗ್.

ಜರ್ಮನಿಯ ಯಾವ ಸೂಪರ್‌ಮಾರ್ಕೆಟ್‌ಗೆ ಹೋದರೂ ಇದಕ್ಕೆ ಅಂತಲೇ ಕಪಾಟು ಇರುತ್ತೆ. ಯೋಗುರ್ಟ್ ಡ್ರೆಸ್ಸಿಂಗ್, ಫ್ರೆಂಚ್, ಸೀಸರ್, ಉತ್ತರ ಸಮುದ್ರದ ಸಿಲ್ಟ್ ದ್ವೀಪದ ಹೆಸರಿನದು, ಹೀಗೆ ಬಾಟಲಿಗಳ ಸಾಲು. ಆಫೀಸಿನ ಕಾಂಟೀನ್‌ನಲ್ಲಿ ಸಸ್ಯಾಹಾರಿಗಳಿಗೆ ಎಷ್ಟೋ ದಿನ ಸಲಾಡೇ ಊಟ. ಅಲ್ಲಿಗೆ ಹೊಸದಾಗಿ ಹೋದ ನಮ್ಮವರಲ್ಲಿ ಎರಡು ಪಂಗಡ ಕಾಣುತ್ತೆ. ಒಂದು ಪಂಗಡ, "ಸಲಾಡ್ ತಾನೇ, ಎಷ್ಟು ಸುರಿದ್ರೇನು" ಅನ್ನುತ್ತೆ. ಇನ್ನೊಂದು, ಕೊಬ್ಬು ಅಂದರೆ ವಿಷ ಅಂತ ತಿಳಿದು, ಕೊಬ್ಬಿಲ್ಲದ ಬಾಟಲಿಯನ್ನೇ ಹುಡುಕುತ್ತೆ. ನಮ್ಮ ಪ್ರಕಾರ ಎರಡೂ ದಾರಿ ಸರಿಯಿಲ್ಲ. ಸಲಾಡ್‌ಗೆ ಸ್ವಲ್ಪ ಕೊಬ್ಬು ಬೇಕೇ ಬೇಕು. ನಾವು ಕಣ್ಣಿಡಬೇಕಾದ್ದು ಮೂರರ ಮೇಲೆ: ಅದು ಯಾವ ಎಣ್ಣೆ, ಜೊತೆಗೆ ಎಷ್ಟು ಸಕ್ಕರೆ-ಉಪ್ಪು ಬಂತು, ಮತ್ತು ನಮ್ಮ ಕೈ ಎಷ್ಟು ಸುರೀತು.

ಮೊದಲು, ಆ ಬಾಟಲಿಯೊಳಗೆ ಏನಿದೆ ನೋಡೋಣ. ಎಣ್ಣೆ, ನೀರು ತಾವಾಗೇ ಬೆರೆಯಲ್ಲ. ಎಣ್ಣೆಯನ್ನ ಸಣ್ಣ ಸಣ್ಣ ಹನಿ ಮಾಡಿ ನೀರಿನಲ್ಲಿ ತೇಲಿಬಿಟ್ಟು, ಅವು ಮತ್ತೆ ಒಂದಾಗದ ಹಾಗೆ ತಡೆದರೆ ಅದೇ ಎಮಲ್ಷನ್. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಈ ಕೆಲಸ ಮಾಡುತ್ತೆ. ಅದರ ಅಣುವಿನ ಒಂದು ತುದಿ ನೀರಿಗೆ ಅಂಟುತ್ತೆ, ಇನ್ನೊಂದು ಎಣ್ಣೆಗೆ. ಅರೆದ ಸಾಸಿವೆಯೂ ಇದಕ್ಕೆ ನೆರವಾಗುತ್ತೆ. ಆ ಲಕ್ಷಾಂತರ ಹನಿಗಳು ಬೆಳಕನ್ನ ಚದುರಿಸೋದರಿಂದ ಡ್ರೆಸ್ಸಿಂಗ್ ಬಿಳಿಯಾಗಿ ಕಾಣುತ್ತೆ. ಇನ್ನು ಗಟ್ಟಿ ಬರಲಿ ಅಂತ ಕ್ಸಾಂತನ್ ಅಥವಾ ಗುವಾರ್ ಗೋಂದು ಹಾಕ್ತಾರೆ. ಇ 412 ಅನ್ನೋ ಸಂಖ್ಯೆ ನೋಡಿ ಗಾಬರಿ ಆಗೋದು ಬೇಡ. ಅದು ಗುವಾರ್ ಗೋಂದು, ಅಂದರೆ ನಮ್ಮ ಗೋರಿಕಾಯಿಯ ಬೀಜದಿಂದ ತೆಗೆದದ್ದು.

ಈಗ ಮುಖ್ಯ ಪ್ರಶ್ನೆಗೆ ಬರೋಣ: ಕೊಬ್ಬು ಯಾಕೆ ಬೇಕು? ಕ್ಯಾರೆಟ್‌ನ ಬೀಟಾ ಕೆರೊಟೀನ್, ಟೊಮೇಟೊದ ಲೈಕೋಪೀನ್, ಸೊಪ್ಪಿನ ಲೂಟೀನ್, ಇವನ್ನೆಲ್ಲ ಒಟ್ಟಿಗೆ ಕೆರೊಟಿನಾಯ್ಡ್‌ಗಳು ಅಂತೀವಿ. ಇವು ನೀರಿನಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕರಗುತ್ವೆ. ಊಟದಲ್ಲಿ ಕೊಬ್ಬು ಇದ್ದರೆ ಪಿತ್ತರಸ ಚೆನ್ನಾಗಿ ಬರುತ್ತೆ, ಕರುಳಿನಲ್ಲಿ ಮೈಸೆಲ್ ಅನ್ನುವ ಪುಟ್ಟ ಕಣಗಳು ಆಗುತ್ವೆ, ಕೆರೊಟಿನಾಯ್ಡ್‌ಗಳು ಅದರೊಳಗೆ ಕೂತು ಕರುಳಿನ ಗೋಡೆ ದಾಟುತ್ವೆ. ಕೊಬ್ಬು ಇಲ್ಲದಿದ್ದರೆ ಬಸ್ಸೇ ಬರದ ನಿಲ್ದಾಣದಲ್ಲಿ ಕಾದು ಕೂತ ಹಾಗೆ. ಬಹುಪಾಲು ಹೊಟ್ಟೆಯಲ್ಲಿದ್ದು ಹಾಗೇ ಹೊರಗೆ ಹೋಗಿಬಿಡುತ್ತೆ.

ಇದನ್ನ ಅಮೆರಿಕದ ಐಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೇರವಾಗಿ ಪರೀಕ್ಷೆ ಮಾಡಿದರು. ಪಾಲಕ್, ಲೆಟಿಸ್, ಟೊಮೇಟೊ, ಕ್ಯಾರೆಟ್ ಇದ್ದ ಸಲಾಡ್‌ಗೆ 0, 6 ಮತ್ತು 28 ಗ್ರಾಂ ಕನೋಲಾ ಎಣ್ಣೆ ಇರುವ ಡ್ರೆಸ್ಸಿಂಗ್ ಹಾಕಿ ಕೊಟ್ಟು, ಆಮೇಲೆ ರಕ್ತದಲ್ಲಿ ಕೆರೊಟಿನಾಯ್ಡ್ ಅಳೆದರು. ಕೊಬ್ಬಿಲ್ಲದ ಡ್ರೆಸ್ಸಿಂಗ್ ತಿಂದಾಗ ಹೆಚ್ಚುಕಮ್ಮಿ ಏನೂ ಕಾಣಲಿಲ್ಲ. 6 ಗ್ರಾಂನಲ್ಲಿ ಕಂಡಿತು, 28ರಲ್ಲಿ ಇನ್ನೂ ಹೆಚ್ಚಾಯಿತು. 2012ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ಬೆಣ್ಣೆ, ಕನೋಲಾ, ಸೋಯಾ ಮೂರನ್ನೂ 3, 8, 20 ಗ್ರಾಂ ಪ್ರಮಾಣದಲ್ಲಿ ಹೋಲಿಸಿದರು. ಕನೋಲಾ 3 ಗ್ರಾಂ ಇದ್ದರೂ 20 ಗ್ರಾಂ ಇದ್ದಷ್ಟೇ ಕೆಲಸ ಆಯಿತು. ಬೆಣ್ಣೆ ಮತ್ತು ಸೋಯಾದಲ್ಲಿ ಹಾಗಾಗಲಿಲ್ಲ, ಪ್ರಮಾಣ ಹೆಚ್ಚಿದಂತೆ ಲಾಭವೂ ಹೆಚ್ಚಿತು. ಎರಡೂ ಸಣ್ಣ ಅಧ್ಯಯನಗಳೇ, ನಿಜ. ಆದರೆ ದೇಹ ಕೆರೊಟಿನಾಯ್ಡ್ ಹೀರುವ ರೀತಿಯ ಬಗ್ಗೆ ನಮಗೆ ಗೊತ್ತಿರುವುದಕ್ಕೆ ಅವು ಸರಿಯಾಗಿ ಹೊಂದುತ್ವೆ.

ಕನೋಲಾ ಅಂದರೆ ಬೇರೇನಲ್ಲ, ವಸಂತದಲ್ಲಿ ಜರ್ಮನಿಯ ಹೊಲಗಳನ್ನೆಲ್ಲ ಹಳದಿ ಮಾಡುವ ರಾಪ್ಸ್ ಗಿಡದ್ದೇ ಎಣ್ಣೆ. ನಮ್ಮ ಸಾಸಿವೆಯ ಹತ್ತಿರದ ಸಂಬಂಧಿ ಅದು. ಸ್ಯಾಚುರೇಟೆಡ್ ಕೊಬ್ಬು ಅದರಲ್ಲಿ ಸುಮಾರು 7% ಮಾತ್ರ, ಜೊತೆಗೆ ಒಮೆಗಾ 3 ಕೂಡ ಇದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಈ ಒಮೆಗಾ 3 ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬಾಟಲಿಯ ಹಿಂದೆ ಯಾವ ಎಣ್ಣೆಯ ಹೆಸರಿದೆ ಅಂತ ನೋಡೋದು ಹತ್ತು ಸೆಕೆಂಡಿನ ಕೆಲಸ, ಆದರೆ ಉಪಯೋಗದ ಕೆಲಸ.

ಇನ್ನು ಮೊದಲ ಪಂಗಡದವರಿಗೆ ಲೆಕ್ಕ. ಒಂದು ಬಾಟಲಿಯ ಮೇಲೆ 100 ಗ್ರಾಂಗೆ 25 ಗ್ರಾಂ ಕೊಬ್ಬು, 8 ಗ್ರಾಂ ಸಕ್ಕರೆ, 1.5 ಗ್ರಾಂ ಉಪ್ಪು ಅಂತ ಬರೆದಿದೆ ಅಂದುಕೊಳ್ಳಿ. ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ ಹಾಕಿದರೆ 7.5 ಗ್ರಾಂ ಕೊಬ್ಬು. ಒಳ್ಳೆಯದೇ, ಇಷ್ಟು ಸಾಕು. ಆದರೆ ಬಾಟಲಿಯನ್ನ ತಲೆಕೆಳಗೆ ಮಾಡಿ ಒತ್ತುವಾಗ ಯಾರು ಅಳೀತಾರೆ? 80 ಗ್ರಾಂ ಬಿತ್ತು ಅಂದರೆ 20 ಗ್ರಾಂ ಕೊಬ್ಬು, ಒಂದೂವರೆ ಟೀ ಚಮಚದಷ್ಟು ಸಕ್ಕರೆ, 1.2 ಗ್ರಾಂ ಉಪ್ಪು. 200 ಕಿಲೋಕ್ಯಾಲರಿ ದಾಟಿಹೋಯಿತು. ಕೆಳಗಿರುವ ಐಸ್‌ಬರ್ಗ್ ಎಲೆಯಲ್ಲಿ ಇರೋದು 100 ಗ್ರಾಂಗೆ 15ರ ಆಸುಪಾಸು. ತಿಂದದ್ದು ಎಲೆ, ಹೊಟ್ಟೆಗೆ ಹೋದದ್ದು ಡ್ರೆಸ್ಸಿಂಗ್!

ಉಪ್ಪಿನ ಮಾತನ್ನ ಲಘುವಾಗಿ ತಗೋಬೇಡಿ. ಜರ್ಮನ್ ಪೋಷಣಾ ಸಂಘ, ಅಂದರೆ ಡಿಜಿಇ, ದಿನಕ್ಕೆ 6 ಗ್ರಾಂಗಿಂತ ಹೆಚ್ಚು ಉಪ್ಪು ಬೇಡ ಅನ್ನುತ್ತೆ. ವಿಶ್ವ ಆರೋಗ್ಯ ಸಂಸ್ಥೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತೆ. ಜರ್ಮನಿಯಲ್ಲಿ ಗಂಡಸರು ಸುಮಾರು 10 ಗ್ರಾಂ, ಹೆಂಗಸರು ಸುಮಾರು 8.4 ಗ್ರಾಂ ತಿಂತಾರೆ ಅಂತ ಅಲ್ಲಿನ ಸಮೀಕ್ಷೆ ಹೇಳಿದೆ. ಬ್ರೆಡ್, ಚೀಸ್‌ನಿಂದಲೇ ಉಪ್ಪು ತುಂಬಿಕೊಂಡಿರೋ ಊಟ ಅದು. ಅದರ ಜೊತೆಗೆ ಮನೆಯ ಉಪ್ಪಿನಕಾಯಿ, ಹಪ್ಪಳ, ಸಾರು ಸೇರಿಸಿ ನೋಡಿ. ಸಲಾಡ್‌ನಿಂದಲೂ ದಿನದ ಐದನೇ ಒಂದು ಭಾಗ ಉಪ್ಪು ಬೇಕಾ?

ಹಾಗಾದರೆ ಲೈಷ್ಟ್ ಅಂತ ಬರೆದಿರೋದು ತಗೊಂಡರಾಯ್ತು ಅಲ್ವಾ ಅಂತ ನೀವು ಕೇಳಬಹುದು. ಯುರೋಪಿನ ನಿಯಮದ ಪ್ರಕಾರ, ಅದೇ ಬಗೆಯ ಬೇರೆ ಡ್ರೆಸ್ಸಿಂಗ್‌ಗಳಿಗಿಂತ ಕನಿಷ್ಠ 30% ಕಡಿಮೆ ಇದ್ದರೆ ಲೈಷ್ಟ್ ಅನ್ನಬಹುದು. 25 ಗ್ರಾಂ ಇರಬೇಕಾದ ಕಡೆ 17.5 ಇದ್ದರೂ ಅದು ಲೈಷ್ಟೇ. ಕೊಬ್ಬೇ ಇಲ್ಲ ಅಂತ ಬರೆಯಬೇಕಾದರೆ 100 ಗ್ರಾಂಗೆ ಅರ್ಧ ಗ್ರಾಂ ಮೀರುವ ಹಾಗಿಲ್ಲ. ಆದರೆ ಕೊಬ್ಬು ತೆಗೆದರೆ ರುಚಿ, ದಪ್ಪ ಎರಡೂ ಹೋಗುತ್ತೆ. ಆ ಜಾಗ ತುಂಬೋಕೆ ಪಿಷ್ಟ ಬರುತ್ತೆ, ಎಷ್ಟೋ ಸಲ ಸಕ್ಕರೆಯೂ ಬರುತ್ತೆ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿ ಇರಬೇಕು ಅನ್ನೋದು ಕಾನೂನು. ತ್ಸುಕರ್ ಅಥವಾ ಗ್ಲೂಕೋಸೆಸಿರುಪ್ ಅನ್ನೋ ಪದ ಎರಡನೇ, ಮೂರನೇ ಜಾಗದಲ್ಲೇ ಸಿಕ್ಕರೆ ಆ ಬಾಟಲಿಯನ್ನ ವಾಪಸ್ ಇಡಿ. ಮಾಂಸ, ಮೀನು ತಿನ್ನದವರಿಗೆ ವಿಟಮಿನ್ ಎ ಬಹುಪಾಲು ಬರೋದೇ ಹಾಲು-ಮೊಸರಿನಿಂದ, ಇಂಥ ಬಣ್ಣದ ತರಕಾರಿಗಳಿಂದ. ಕೊಬ್ಬಿಲ್ಲದ ಡ್ರೆಸ್ಸಿಂಗ್ ಹಾಕಿ, ಊಟದಲ್ಲಿ ಬೇರೆ ಕೊಬ್ಬೂ ಇಲ್ಲದ ಹಾಗೆ ತಿಂದರೆ, ದುಡ್ಡು ಕೊಟ್ಟು ತಂದ ಕ್ಯಾರೆಟ್‌ನ ಸಾರವನ್ನೇ ಬಿಟ್ಟುಕೊಟ್ಟ ಹಾಗೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ದಕ್ಷಿಣ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ, ಚಿಕ್ಕ ವಯಸ್ಸಿನಲ್ಲೇ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಬಿಎಂಐ 25 ದಾಟಿದರೆ ತೂಕ ಹೆಚ್ಚು ಅನ್ನೋದು ಸಾಮಾನ್ಯ ಲೆಕ್ಕ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ 23ರಲ್ಲೇ ಎಚ್ಚರಿಕೆ ಬೇಕು ಅಂತ 2004ರಲ್ಲೇ ಸೂಚಿಸಿದ್ದಾರೆ. ಊರು ಬಿಟ್ಟು ಬಂದು, ಚಳಿಯಲ್ಲಿ ಓಡಾಟ ಕಡಿಮೆಯಾಗಿ, ಕೂತು ಕೆಲಸ ಮಾಡುವ ನಮ್ಮವರಿಗೆ ದಿನಕ್ಕೆ ಗೊತ್ತಾಗದೆ ಸೇರುವ 150, 200 ಕ್ಯಾಲರಿ ಸಣ್ಣ ವಿಷಯವಲ್ಲ.

ಜರ್ಮನ್ ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ಎ ಇಂದ ಇ ವರೆಗಿನ ನ್ಯೂಟ್ರಿ ಸ್ಕೋರ್ ಅಲ್ಲಿ ಬಂದದ್ದು 2020ರ ನವೆಂಬರ್‌ನಲ್ಲಿ. ಆದರೆ ಅದನ್ನ ಹಾಕೋದು ಬಿಡೋದು ಕಂಪನಿಯ ಇಷ್ಟ. ಸಕ್ಕರೆ, ಕೊಬ್ಬು, ಉಪ್ಪು ಕಡಿಮೆ ಮಾಡುವ 2018ರ ರಾಷ್ಟ್ರೀಯ ಯೋಜನೆಯೂ ಸ್ವಯಂಪ್ರೇರಿತವೇ. ಇಷ್ಟ ಇದ್ದವರು ಮಾತ್ರ ಹೇಳುವ ಸತ್ಯದಿಂದ ಕೊಳ್ಳುವವರಿಗೆ ಏನು ಉಪಯೋಗ? ಜೊತೆಗೆ ಲೆಕ್ಕವೆಲ್ಲ 100 ಗ್ರಾಂಗೆ. ಒಂದು ಚಮಚಕ್ಕೆ ಎಷ್ಟು ಅಂತ ಮುಂಭಾಗದಲ್ಲಿ ದೊಡ್ಡದಾಗಿ ಬರೆಯೋದು ಕಡ್ಡಾಯ ಆಗಲಿ ಅನ್ನೋದು ನಮ್ಮ ವಾದ. ಜನ ಡ್ರೆಸ್ಸಿಂಗ್ ಹಾಕೋದು ಚಮಚದಲ್ಲಿ, ತಕ್ಕಡಿಯಲ್ಲಲ್ಲ.

ಸಸ್ಯಾಹಾರಿಗಳಿಗೆ ಒಂದು ಸೂಚನೆ. ಯೋಗುರ್ಟ್ ಡ್ರೆಸ್ಸಿಂಗ್ ಅಂತ ಹೆಸರಿದ್ದರೂ ಒಳಗೆ ಐಗೆಲ್ಬ್, ಅಂದರೆ ಮೊಟ್ಟೆಯ ಹಳದಿ ಇರಬಹುದು. ಸೀಸರ್‌ನಲ್ಲಿ ಸಾರ್ಡೆಲನ್ ಅನ್ನುವ ಪುಟ್ಟ ಮೀನು ಇರಬಹುದು. ಅಲರ್ಜಿ ನಿಯಮದಿಂದಾಗಿ ಮೊಟ್ಟೆ, ಮೀನು, ಹಾಲು, ಸಾಸಿವೆಯ ಹೆಸರುಗಳು ಪಟ್ಟಿಯಲ್ಲಿ ಎದ್ದು ಕಾಣುವ ಹಾಗೆ ಇರಲೇಬೇಕು. ದಪ್ಪ ಅಕ್ಷರಗಳನ್ನ ಮೊದಲು ಓದಿ.

ಕೊನೆಗೆ, ನಮ್ಮ ಸಲಹೆ. ಕೆನೆಯಂಥ ಡ್ರೆಸ್ಸಿಂಗ್ ನಮಗೆ ಹೊಸದೇನಲ್ಲ. ಮೊಸರು ಬಜ್ಜಿ ಇದೆ, ತಂಬುಳಿ ಇದೆ, ಮಲೆನಾಡಿನವರ ಸಾಸಿವೆ ಇದೆ. 150 ಗ್ರಾಂ ಯೋಗುರ್ಟ್, 3.5% ಕೊಬ್ಬಿನದ್ದು. ಒಂದು ದೊಡ್ಡ ಚಮಚ ರಾಪ್ಸ್ ಎಣ್ಣೆ. ಅರ್ಧ ನಿಂಬೆಹಣ್ಣು, ಕಾಲು ಚಮಚ ಅರೆದ ಸಾಸಿವೆ, ಚಿಟಿಕೆ ಉಪ್ಪು, ಮೆಣಸಿನಪುಡಿ. ಕಲಸಿದರೆ ನಾಲ್ಕು ಜನಕ್ಕೆ ಆಗುತ್ತೆ. ತಲಾ 5 ಗ್ರಾಂನಷ್ಟು ಕೊಬ್ಬು, 55ರ ಆಸುಪಾಸು ಕ್ಯಾಲರಿ, ಸೇರಿಸಿದ ಸಕ್ಕರೆ ಸೊನ್ನೆ. ಬೇಕಿದ್ದರೆ ಅದೇ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಒಗ್ಗರಣೆಗೆ ಮಾತ್ರ ಕಾಲ್ಟ್‌ಗೆಪ್ರೆಸ್ಟ್, ಅಂದರೆ ಗಾಣದ ಹಾಗೆ ತಣ್ಣಗೆ ಹಿಂಡಿದ ಎಣ್ಣೆ ಬೇಡ, ಸಾದಾ ರಿಫೈನ್ಡ್ ಇರಲಿ. ಇನ್ನೂ ಗಟ್ಟಿ ಬೇಕಾದರೆ ಕ್ವಾರ್ಕ್ ಸೇರಿಸಿ. ಡಬ್ಬಿ ಮೇಲಿನ 40% ನೋಡಿ ಹೆದರಬೇಡಿ. ಅದು ನೀರು ಬಿಟ್ಟು ಒಣ ಅಂಶದ ಲೆಕ್ಕ. ನಿಜವಾದ ಕೊಬ್ಬು 10, 11% ಅಷ್ಟೇ. ಕ್ರೆಮ್ ಫ್ರೆಶ್ ಮಾತ್ರ 30% ಇರುತ್ತೆ, ಅದೂ ಹೆಚ್ಚಾಗಿ ಸ್ಯಾಚುರೇಟೆಡ್. ಹಬ್ಬಕ್ಕೆ ಇಟ್ಟುಕೊಳ್ಳಿ.

ದಿನಾ ಕಲಸೋಕೆ ಎಲ್ಲಿದೆ ಪುರುಸೊತ್ತು ಅನ್ನುವವರು ಬಾಟಲಿಯನ್ನೇ ತನ್ನಿ, ನಮ್ಮ ಅಡ್ಡಿ ಇಲ್ಲ. ತಟ್ಟೆಗೆ ನೇರವಾಗಿ ಸುರಿಯದೆ ಚಮಚಕ್ಕೆ ಹಾಕಿ, ಎರಡಕ್ಕೆ ನಿಲ್ಲಿಸಿ. ಹೋಟೆಲಿನಲ್ಲಿ "ಡ್ರೆಸ್ಸಿಂಗ್ ಬಿಟ್ಟೆ ಎಕ್ಸ್‌ಟ್ರಾ" ಅನ್ನಿ, ಬೇರೆ ಬಟ್ಟಲಿನಲ್ಲಿ ತಂದುಕೊಡ್ತಾರೆ. ಮಕ್ಕಳು ಡ್ರೆಸ್ಸಿಂಗ್ ಇದ್ದರೆ ಮಾತ್ರ ತರಕಾರಿ ತಿಂತಾರೆ ಅಂದರೆ, ಖಂಡಿತ ಕೊಡಿ. ತಿನ್ನದೇ ಬಿಟ್ಟ ಸೌತೆಕಾಯಿಗಿಂತ ಒಂದು ಚಮಚ ಡ್ರೆಸ್ಸಿಂಗ್ ಜೊತೆ ತಿಂದ ಸೌತೆಕಾಯಿ ಮೇಲು.

ನಿಮ್ಮ ಮನೆಯ ಡ್ರೆಸ್ಸಿಂಗ್ ಬಾಟಲಿ ತಿರುಗಿಸಿ ಓದಿ, ಯಾವ ಎಣ್ಣೆ ಸಿಕ್ಕಿತು, ಸಕ್ಕರೆ ಎಷ್ಟನೇ ಜಾಗದಲ್ಲಿತ್ತು ಅಂತ ನಮಗೆ ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.