ಜಗಳಗಂಟ ಮಂತ್ರಿ

ಐರ್ಲೆಂಡಿನ ನೋಯೆಲ್ ಬ್ರೌನ್ ಬಗ್ಗೆ ಯಾರು ಬರೆದರೂ ಕೊನೆಗೆ ಒಂದು ಒಗ್ಗರಣೆ ಬಿದ್ದೇ ಬೀಳುತ್ತೆ. ಮನುಷ್ಯ ಒಳ್ಳೆಯವನೇ, ಆದ್ರೆ ಯಾರ ಜತೆಗೂ ಹೊಂದ್ಕೊಂಡು ಹೋಗ್ತಿರಲಿಲ್ಲ ಅಂತ. ಈ ಮಾತು ಸುಳ್ಳು ಅಂತ ನಾನು ವಾದಿಸಲ್ಲ. ನಾನು ಕೇಳೋದು ಇಷ್ಟೇ: ಈ ಮಾತಿನಿಂದ ಯಾರಿಗೆ ಲಾಭ?

ಬ್ರೌನ್ ಹುಟ್ಟಿದ್ದು 1915ರಲ್ಲಿ. ಅಪ್ಪ ಅಮ್ಮ ಇಬ್ಬರನ್ನೂ ಕ್ಷಯ ತಿಂದು ಹಾಕಿತು. ವೈದ್ಯಕೀಯ ಓದುವಾಗ ಅವರಿಗೂ ಅದೇ ರೋಗ ಅಂಟಿತು, ಹೇಗೋ ಬದುಕಿ ಉಳಿದರು. 1948ರಲ್ಲಿ ಮೊದಲ ಸಲ ಸಂಸತ್ತಿಗೆ ಆಯ್ಕೆಯಾಗಿ, ಸದನಕ್ಕೆ ಕಾಲಿಟ್ಟ ದಿನವೇ ಆರೋಗ್ಯ ಮಂತ್ರಿಯಾದರು. ಆಗ ಅವರಿಗೆ 32 ವರ್ಷ. ಕುದುರೆ ರೇಸಿನ ಲಾಟರಿಯಿಂದ ಆಸ್ಪತ್ರೆಗಳಿಗೆಂದು ಕೂಡಿಟ್ಟಿದ್ದ ದುಡ್ಡನ್ನು ಹೊರತೆಗೆದು ಕ್ಷಯರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿದರು. ಅದೇ ಹೊತ್ತಿಗೆ ಸ್ಟ್ರೆಪ್ಟೊಮೈಸಿನ್ ಬಂದಿತ್ತು, ನಿಜ. ಆದ್ರೆ ಮದ್ದಿದ್ದರೆ ಸಾಕೇ? ರೋಗಿಗೆ ಮಲಗೋಕೆ ಮಂಚ ಬೇಡವೇ?

ಮುಂದಿನದು ತಾಯಿ-ಮಗು ಯೋಜನೆ. ಬಸುರಿ, ಬಾಣಂತಿಯರಿಗೆ ಮತ್ತು 16 ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆ. ಬಡವರು ಹೌದೋ ಅಲ್ಲವೋ ಅಂತ ಯಾರೂ ಕೇಳೋ ಹಾಗಿಲ್ಲ. ಡಾಕ್ಟರುಗಳ ಸಂಘಕ್ಕೆ ಫೀಸಿನ ಚಿಂತೆ ಹತ್ತಿತು. ಬಿಷಪ್ಪರು ಮಾತ್ರ ಧರ್ಮದ ಮಾತೆತ್ತಿದರು: ಮಕ್ಕಳ ಆರೋಗ್ಯ ನೋಡೋ ಹಕ್ಕು ತಂದೆ ತಾಯಿಯದು, ಸರ್ಕಾರದ್ದಲ್ಲ, ಇಂದು ತಾಯ್ತನದ ತಿಳಿವಳಿಕೆ ಕೊಡೋರು ನಾಳೆ ಸಂತಾನ ನಿಯಂತ್ರಣ ಕಲಿಸ್ತಾರೆ!

ಗಡಿಯಾಚೆಗಿನ ಉತ್ತರ ಐರ್ಲೆಂಡಿನಲ್ಲಿ 1948ರಿಂದಲೇ ಉಚಿತ ವೈದ್ಯಸೇವೆ ಇತ್ತು. ಅಲ್ಲಿನ ಕ್ಯಾಥೊಲಿಕ್ ತಾಯಂದಿರೂ ಅದನ್ನ ಬಳಸ್ತಿದ್ರು. ಬೆಲ್‌ಫಾಸ್ಟಿನ ತಾಯಿಗೆ ತಟ್ಟದ ಪಾಪ ಡಬ್ಲಿನ್ನಿನ ತಾಯಿಗೆ ಮಾತ್ರ ಹೇಗೆ ತಟ್ಟುತ್ತೆ ಸ್ವಾಮಿ?

ಬಿಷಪ್ಪರನ್ನು ಬೈಯೋದು ಈಗ ಸುಲಭ. ನನ್ನ ಸಿಟ್ಟು ಅವರ ಮೇಲಲ್ಲ. ಅವರು ತಮಗೆ ಅನ್ನಿಸಿದ್ದನ್ನ ಹೇಳಿದರು. ಜನ ಓಟು ಹಾಕಿ ಕೂರಿಸಿದ್ದು ಮಂತ್ರಿಗಳನ್ನ. ಪ್ರಧಾನಿ ಜಾನ್ ಕಾಸ್ಟೆಲೊ ಬಿಷಪ್ಪರ ತೀರ್ಪಿಗೆ ತಲೆಬಾಗಿದರು. ಬ್ರೌನ್ ಅವರದೇ ಪಕ್ಷದ ನಾಯಕ ಶಾನ್ ಮ್ಯಾಕ್‌ಬ್ರೈಡ್ ರಾಜೀನಾಮೆ ಕೇಳಿದರು. 1951ರ ಏಪ್ರಿಲ್ 11ರಂದು ಬ್ರೌನ್ ಹೊರಬಂದರು. ಅವರ ಜತೆ ಎದ್ದು ಬಂದ ಇನ್ನೊಬ್ಬ ಮಂತ್ರಿ? ಒಬ್ಬರೂ ಇಲ್ಲ.

ಹೋಗ್ತಾ ಒಂದು ಕೆಲಸ ಮಾಡಿದರು. ಸರ್ಕಾರ, ಬಿಷಪ್ಪರು ಮತ್ತು ತಮ್ಮ ನಡುವಿನ ಪತ್ರಗಳನ್ನೆಲ್ಲ ಪತ್ರಿಕೆಗಳಿಗೆ ಕೊಟ್ಟುಬಿಟ್ಟರು. ಮುಚ್ಚಿದ ಬಾಗಿಲ ಹಿಂದೆ ಯಾರು ಯಾರಿಗೆ ಅಡ್ಡಬಿದ್ದರು ಅಂತ ದೇಶವೇ ಓದಿತು. ಅವರನ್ನ ಜಗಳಗಂಟ ಅಂದವರಿಗೆ ನಿಜವಾಗಿ ನೋವಾಗಿದ್ದು ಇದೇ ಅಂತ ನನ್ನ ಗುಮಾನಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಬ್ರೌನ್ ದೇವರಲ್ಲ, ಒಪ್ಪೋಣ. ಹಟ ಇತ್ತು, ಅನುಮಾನ ಇತ್ತು. ಆಮೇಲೆ ಫಿಯನ್ನ ಫಾಯ್ಲ್ ಸೇರಿದರು, ಬಿಟ್ಟರು; ಹೊಸ ಪಕ್ಷ ಕಟ್ಟಿದರು; ಲೇಬರ್ ಸೇರಿದರು, ಅದನ್ನೂ ಬಿಟ್ಟರು. ಮತ್ತೆ ಮಂತ್ರಿಯಾಗಲೇ ಇಲ್ಲ. ಎಲ್ಲ ಸರಿ. ಆದ್ರೆ ಹೊಂದ್ಕೊಂಡು ಹೋದವರು ಏನು ಮಾಡಿದರು, ಅದನ್ನೂ ಒಂಚೂರು ನೋಡೋಣ.

ತಾಯಿಯ ಜೀವಕ್ಕೆ ಅಪಾಯವಿದ್ದರೆ ಗರ್ಭಪಾತ ಮಾಡಬಹುದು ಅಂತ ಐರ್ಲೆಂಡಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತು. ಅದಕ್ಕೊಂದು ಕಾನೂನು ಬರೆಯೋ ಕಷ್ಟವನ್ನ ಒಂದಾದ ಮೇಲೊಂದು ಸರ್ಕಾರ ಮುಂದಕ್ಕೆ ತಳ್ಳಿತು. ಯಾರನ್ನೂ ಎದುರು ಹಾಕ್ಕೊಳ್ಳೋದು ಬೇಡ ಅಂತ ಇಪ್ಪತ್ತು ವರ್ಷ ಕಳೆಯಿತು. 2012ರ ಅಕ್ಟೋಬರ್ 28ರಂದು ನಮ್ಮ ಬೆಳಗಾವಿಯ ಹುಡುಗಿ, ದಂತವೈದ್ಯೆ ಸವಿತಾ ಹಾಲಪ್ಪನವರ್, ಗಾಲ್ವೆಯ ಆಸ್ಪತ್ರೆಯಲ್ಲಿ ನಂಜೇರಿ ತೀರಿಕೊಂಡರು. ಮಗು ಉಳಿಯಲ್ಲ ಅಂತ ಗೊತ್ತಾಗಿ ಗರ್ಭಪಾತ ಮಾಡಿ ಅಂತ ಕೇಳಿದ್ದರು. ಭ್ರೂಣದ ಎದೆಬಡಿತ ಇದೆ ಅಂತ ನಿರಾಕರಿಸಿದ್ದರು. ಕಾನೂನು ಬಂದಿದ್ದು 2013ರಲ್ಲಿ.

ಬ್ರೌನ್ ಕೇಳಿದ್ದು ಗರ್ಭಪಾತದ ಹಕ್ಕನ್ನಲ್ಲ, ಬರೀ ಉಚಿತ ಚಿಕಿತ್ಸೆಯನ್ನ. ಆದ್ರೆ ಬಸುರಿಯ ವಿಷಯದಲ್ಲಿ ಕೊನೇ ಮಾತು ಯಾರದು ಅನ್ನೋ ಪ್ರಶ್ನೆ ಎರಡು ಕಡೆಯೂ ಒಂದೇ. 1951ರಲ್ಲಿ ಆ ಪ್ರಶ್ನೆ ಎತ್ತಿದವನನ್ನ ಹೊರಗೆ ಹಾಕಿ, ಉಳಿದವರು ಹೊಂದ್ಕೊಂಡು ಹೋದರು. ಹೊಂದಾಣಿಕೆಗೂ ಒಂದು ಬೆಲೆ ಇರುತ್ತೆ. ಅದನ್ನ ತೆರೋರು ಮಾತ್ರ ಮಂತ್ರಿಗಳಲ್ಲ.