ಧಾಟಿ, ಪಾಠಾಂತರ, ರಿಮಿಕ್ಸ್: ಉತ್ತರ ಕನ್ನಡದ ಕರಾವಳಿಯಿಂದ ಕೆಲವು ಪ್ರಶ್ನೆಗಳು

ಕನ್ನಡ ವಿಭಾಗಗಳ ಚರ್ಚೆಗಳಲ್ಲಿ ‘ರಿಮಿಕ್ಸ್’ ಎಂಬ ಪದ ಬಹುಮಟ್ಟಿಗೆ ದೂರಿನ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಜನಪದ ಹಾಡು ಕೆಟ್ಟಿತು, ಯಕ್ಷಗಾನಕ್ಕೆ ಸಿನಿಮಾ ಧಾಟಿ ಹೊಕ್ಕಿತು, ಮೆರವಣಿಗೆಗೆ ಡಿ.ಜೆ. ಬಂತು ಎಂಬ ಮಾತುಗಳು ವಿಚಾರಸಂಕಿರಣಗಳ ಸಮಾರೋಪಕ್ಕೆ ಒದಗುತ್ತವೆಯೇ ಹೊರತು ಸಂಶೋಧನೆಯ ಪ್ರಶ್ನೆಗಳಾಗಿ ಬೆಳೆಯುವುದಿಲ್ಲ. ಈ ದೂರುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ದೂರು ಅಧ್ಯಯನಕ್ಕೆ ಪರ್ಯಾಯವಾಗಲಾರದು. ರಿಮಿಕ್ಸ್ ಎಂಬುದು ಒಂದು ಪಾಠಾಂತರ. ಪಾಠಾಂತರವನ್ನು ಓದುವ ಶಿಸ್ತು ನಮ್ಮಲ್ಲಿ ಈಗಾಗಲೇ ಇದೆ. ಆ ಶಿಸ್ತನ್ನು ಇಲ್ಲಿ ಬಳಸದಿರುವುದರಿಂದ ನಷ್ಟಕ್ಕೊಳಗಾಗುತ್ತಿರುವವರು ಮೂಲ ಹಾಡುಗಾರರೇ ಎಂಬುದು ಈ ಲೇಖನದ ವಾದ. ಭಟ್ಕಳ, ಹೊನ್ನಾವರ ಮತ್ತು ಕುಮಟಾ ಸೀಮೆಯನ್ನು ಇಲ್ಲಿ ಮುಖ್ಯವಾಗಿ ಗಮನದಲ್ಲಿರಿಸಿಕೊಳ್ಳಲಾಗಿದೆ.

ಒಂದು ಹಾಡಿನ ಮಾತನ್ನು ಇನ್ನೊಂದರ ಸ್ವರಕ್ಕೆ ಕೂಡಿಸುವುದು ನಮ್ಮಲ್ಲಿ ಹೊಸದಲ್ಲ. ಅದಕ್ಕೆ ‘ಧಾಟಿ’, ‘ಮಟ್ಟು’ ಎಂಬ ಪದಗಳೇ ಇವೆ. ಕಂಪನಿ ನಾಟಕಗಳ ಹಾಡುಗಳು ಮರಾಠಿ, ಹಿಂದಿ ಮಟ್ಟುಗಳನ್ನು ಧಾರಾಳವಾಗಿ ಬಳಸಿಕೊಂಡವು. ಯಾವ ಹಾಡಿನ ಮಟ್ಟು ಎಂಬುದನ್ನು ಪದ್ಯದ ನೆತ್ತಿಯ ಮೇಲೆ ಅಚ್ಚು ಹಾಕಿಸುವ ವಾಡಿಕೆಯೂ ಇತ್ತು. ಮರಾಠಿ ರಂಗಭೂಮಿಯ ಆರಂಭದಲ್ಲಿಯೂ ಈ ಕರಾವಳಿಯ ನೆರಳಿದೆ. ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ ಆಡಿಸಿದ ‘ಸೀತಾಸ್ವಯಂವರ’ಕ್ಕೆ ಅದಕ್ಕೂ ಮೊದಲು ಅಲ್ಲಿಗೆ ಹೋಗಿದ್ದ ಉತ್ತರ ಕನ್ನಡದ ಭಾಗವತ ಮೇಳದ ಆಟ ಪ್ರೇರಣೆಯಾಯಿತೆಂಬುದು ರಂಗಭೂಮಿಯ ಚರಿತ್ರೆ ಬಲ್ಲವರಿಗೆ ತಿಳಿದ ಸಂಗತಿ. ಆ ಮೇಳ ಹೊನ್ನಾವರದ ಕರ್ಕಿಯದೆಂದು ಹೇಳುವವರಿದ್ದಾರೆ. ಇಲ್ಲಿಂದ ಹೋದದ್ದು ಮರಾಠಿಯಾಗಿ, ಅಲ್ಲಿಯ ಮಟ್ಟು ಮರಳಿ ಕನ್ನಡ ನಾಟಕದ ಹಾಡಾಗಿ ಬಂದ ಈ ಕೊಡುಕೊಳುಗೆಯಲ್ಲಿ ‘ಮೂಲ’ ಯಾವುದೆಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ.

ಯಕ್ಷಗಾನದಲ್ಲಿಯೂ ಇದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ನಾವು ಪರಂಪರೆಯ ಮಾದರಿಯೆಂದು ಉಲ್ಲೇಖಿಸುತ್ತೇವೆ. ಯಕ್ಷಗಾನದ ಸ್ವರೂಪವನ್ನು ಕುರಿತು ಗಂಭೀರವಾಗಿ ಬರೆದ ಶಿವರಾಮ ಕಾರಂತರೇ ತಮ್ಮ ಪ್ರಯೋಗಗಳಲ್ಲಿ ಪಿಟೀಲು ಮತ್ತು ಸ್ಯಾಕ್ಸೊಫೋನ್‌ಗಳನ್ನು ತಂದರು. 1990ರಲ್ಲಿ ಅಕಾಲಿಕ ಮರಣಕ್ಕೀಡಾದ ಕಾಳಿಂಗ ನಾವಡರು ಹೊಸ ರಾಗ, ಹೊಸ ಧಾಟಿಗಳಿಂದ ಡೇರೆ ಮೇಳದ ಪ್ರೇಕ್ಷಕರನ್ನು ಹಿಡಿದಿಟ್ಟರು. ಅಂದು ಅವರ ಹಾಡುಗಾರಿಕೆಯ ಬಗ್ಗೆ ಬಂದ ಆಕ್ಷೇಪಣೆಗಳು ಇಂದು ಮರೆತುಹೋಗಿ, ಅವರ ಶೈಲಿಯೇ ಅನುಕರಣೀಯ ಪರಂಪರೆಯಾಗಿ ನಿಂತಿದೆ. ಪರಂಪರೆ ಎಂಬುದು ಕೆಲವೊಮ್ಮೆ ಹಳತಾದ ರಿಮಿಕ್ಸ್ ಎಂಬ ಮಾತನ್ನು ಇದು ಪುಷ್ಟೀಕರಿಸುತ್ತದೆ.

ಈ ಬದಲಾವಣೆಗಳಿಗೆ ವೇಗ ಕೊಟ್ಟದ್ದು ಕ್ಯಾಸೆಟ್ಟು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಭಟ್ಕಳದಂತಹ ಊರುಗಳಿಗೆ ತಂದ ಟೇಪ್‌ರೆಕಾರ್ಡರುಗಳು ಹಾಡನ್ನು ಮನೆಯಲ್ಲೇ ನಕಲು ಮಾಡುವುದನ್ನು ಸಾಧ್ಯವಾಗಿಸಿದವು. ಉತ್ತರ ಭಾರತದ ಈ ವಿದ್ಯಮಾನವನ್ನು ಪೀಟರ್ ಮ್ಯಾನ್ಯುಯೆಲ್ ಅವರು ‘ಕ್ಯಾಸೆಟ್ ಕಲ್ಚರ್’ (1993) ಗ್ರಂಥದಲ್ಲಿ ವಿಶ್ಲೇಷಿಸಿದ್ದಾರೆ. ಕರಾವಳಿಯ ಕ್ಯಾಸೆಟ್ಟಿನ ಬಗ್ಗೆಯೂ ಅಂತಹ ವಿಸ್ತಾರವಾದ ಗ್ರಂಥ ನಮಗೆ ಬೇಕು. ಕ್ಯಾಸೆಟ್ಟಿನ ನಂತರ ಸಿ.ಡಿ. ಬಂತು, ಅದರ ನಂತರ ಪೇಟೆಯ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ವ್ಯವಹಾರ ಬಂತು. ಆ ಕಾರ್ಡುಗಳಲ್ಲಿ ಭಜನೆ, ಯಕ್ಷಗಾನ ಪದ್ಯ, ಕೊಂಕಣಿ ಹಾಡು, ಹಿಂದಿ ಕುಣಿತದ ಹಾಡು, ಊರಿನ ಹುಡುಗರೇ ಕಂಪ್ಯೂಟರಿನಲ್ಲಿ ಬೆರೆಸಿದ ಮಿಶ್ರಣಗಳು ಒಟ್ಟಿಗೆ ಇರುತ್ತಿದ್ದವು. ಒಂದು ಕಾಲದ ಕೇಳುಗನ ಅಭಿರುಚಿಗೆ ಇದಕ್ಕಿಂತ ಪ್ರಾಮಾಣಿಕವಾದ ಹಸ್ತಪ್ರತಿ ಇನ್ನೊಂದಿಲ್ಲ. ಅವನ್ನು ಸಂಗ್ರಹಿಸಬೇಕೆಂದು ನಮಗೆ ತೋಚುವ ಮೊದಲೇ ಆ ಅಂಗಡಿಗಳ ವ್ಯವಹಾರ ಬದಲಾಗಿಹೋಯಿತು.

ನಿರ್ಲಕ್ಷ್ಯಕ್ಕೊಳಗಾದ ಹಾಡು ಹೇಗೆ ಮರುಹುಟ್ಟು ಪಡೆಯುತ್ತದೆಂಬುದಕ್ಕೆ ಎರಡು ಉದಾಹರಣೆಗಳನ್ನು ನೋಡಬಹುದು. ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರಕ್ಕಾಗಿ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜಕುಮಾರ್ ಹಾಡಿದ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಗೀತೆ ಅಂತರ್ಜಾಲದ ಯುಗದಲ್ಲಿ ಮೊದಲು ತಮಾಷೆಯಾಗಿ, ಆಮೇಲೆ ಮೆಚ್ಚುಗೆಯಾಗಿ ಹರಡಿತು. ಮಹದೇವನನ್ನು ಕುರಿತ ಜನಪದ ಗೀತೆ ‘ಸೋಜುಗಾದ ಸೂಜುಮಲ್ಲಿಗೆ’ ‘ಗರುಡ ಗಮನ ವೃಷಭ ವಾಹನ’ (2021) ಚಿತ್ರದಲ್ಲಿ ಹಿಂಸೆಯ ಬೆನ್ನಿಗೆ ಬರುವ ಕುಣಿತದ ಹಾಡಾಯಿತು. ಭಕ್ತಿಯ ಪದ ಅಲ್ಲಿ ಮಾತು ಬದಲಿಸದೆಯೇ ಅರ್ಥ ಬದಲಿಸಿದೆ. ಸಂದರ್ಭವೂ ಪಾಠದ ಭಾಗವೆಂಬ ಜಾನಪದಶಾಸ್ತ್ರದ ಮೂಲಭೂತ ತತ್ತ್ವವನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಹಾಗೆಂದು ಎಲ್ಲ ಮಿಶ್ರಣವನ್ನೂ ಸಂಭ್ರಮಿಸಬೇಕೆಂಬುದು ನನ್ನ ನಿಲುವಲ್ಲ. ಸುಗ್ಗಿ ಹುಣ್ಣಿಮೆಯ ಕಾಲಕ್ಕೆ ಹಾಲಕ್ಕಿ ಒಕ್ಕಲಿಗರು ತುರಾಯಿ ಕಟ್ಟಿ ಕುಣಿಯುವಾಗ ಗುಮಟೆಯ ಗತ್ತು ಕುಣಿಯುವವರ ಹೆಜ್ಜೆಯನ್ನು ನೋಡಿಕೊಂಡು ನಿಧಾನವಾಗುತ್ತದೆ, ಚುರುಕಾಗುತ್ತದೆ. ಅದೇ ಹಾಡು ಡಿ.ಜೆ. ಪೆಟ್ಟಿಗೆಗೆ ಬಂದಾಗ ಆರಂಭದಿಂದ ಅಂತ್ಯದವರೆಗೆ ಒಂದೇ ವೇಗದ ನಾಲ್ಕು ಪೆಟ್ಟಿನೊಳಗೆ ಕೂರಬೇಕಾಗುತ್ತದೆ. ಹೆಜ್ಜೆಯನ್ನು ವಾದ್ಯ ಅನುಸರಿಸುವ ಬದಲು ಯಂತ್ರವನ್ನು ಹೆಜ್ಜೆ ಅನುಸರಿಸುತ್ತದೆ. ಇದು ನಿಜವಾದ ನಷ್ಟ. ಆದರೆ ಈ ನಷ್ಟವನ್ನು ಹೀಗೆ ನಿರ್ದಿಷ್ಟವಾಗಿ ಹೇಳಬೇಕಾದರೆ ಎರಡೂ ಪಾಠಗಳು ನಮ್ಮ ಮುಂದಿರಬೇಕು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರಾರೂ ತಪ್ಪು ಪಾಠವೆಂಬ ಕಾರಣಕ್ಕೆ ಒಂದು ಪ್ರತಿಯನ್ನು ನೋಡದೆ ಬದಿಗಿಡುವುದಿಲ್ಲ, ಸ್ಖಾಲಿತ್ಯವೂ ಪ್ರತಿಗಳ ವಂಶಾವಳಿಯನ್ನು ಗುರುತಿಸಲು ಸಾಕ್ಷಿಯಾಗುತ್ತದೆ.

ಇನ್ನೂ ಗಂಭೀರವಾದ ಪ್ರಶ್ನೆ ಹೆಸರಿನದು. ‘ಕಾಂತಾರ’ (2022) ಚಿತ್ರದ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಗೀತೆಯನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ನ್ಯಾಯಾಲಯಕ್ಕೆ ಹೋಯಿತು. ತಡೆಯಾಜ್ಞೆಯ ಕಾರಣದಿಂದ ಕೆಲಕಾಲ ಅದೇ ಸಾಹಿತ್ಯ ಬೇರೆ ಧಾಟಿಯಲ್ಲಿ ಕೇಳಿಸಿತು. ತಂಡಕ್ಕೆ ಹೆಸರಿತ್ತು, ಧ್ವನಿಮುದ್ರಣವಿತ್ತು, ವಕೀಲರಿದ್ದರು. ಗದ್ದೆಯಲ್ಲಿ ಹಾಡುವ ಹೆಂಗಸಿಗೆ ಈ ಮೂರೂ ಇಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಸೇರಿಸಲಾದ 31ಸಿ ಕಲಮು, ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷಗಳಾಗುವವರೆಗೆ ಕವರ್ ಆವೃತ್ತಿಗೆ ಅವಕಾಶ ಕೊಡುವುದಿಲ್ಲ. ಅಲ್ಲಿ ಕರ್ತೃವಿಗೆ ರಾಯಧನವೂ ಸಲ್ಲಬೇಕು. ಕರ್ತೃವೇ ಗೊತ್ತಿಲ್ಲದ ಹಾಡಿಗೆ ಈ ರಕ್ಷಣೆ ಒದಗದು. ಆದರೆ ಹಾಡಿದ ಕಂಠಕ್ಕೆ ಹಕ್ಕಿದೆ: 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು, 2012ರದು ಪ್ರದರ್ಶಕರೆಂದು ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನೂ ಸೇರಿಸಿತು. ಕ್ಷೇತ್ರಕಾರ್ಯದ ಧ್ವನಿಮುದ್ರಣದ ತುಣುಕೊಂದು ಹೆಸರಿಲ್ಲದೆ ರಿಮಿಕ್ಸಿಗೆ ಹೋದರೆ ಮೊದಲು ಪ್ರಶ್ನಿಸಬೇಕಾದವರು ಸಂಶೋಧಕರೇ. ಏಕೆಂದರೆ ಹಾಡಿದವರ ಹೆಸರನ್ನು ಅನುಬಂಧದ ಕೊನೆಯ ಪುಟಕ್ಕೆ ತಳ್ಳಿ, ಮುಖಪುಟದಲ್ಲಿ ಸಂಪಾದಕರ ಹೆಸರನ್ನಷ್ಟೇ ಅಚ್ಚಿಸುವ ಪದ್ಧತಿಯನ್ನು ಸಹಜವೆಂಬಂತೆ ಮಾಡಿದವರಲ್ಲಿ ವಿದ್ವತ್ ವಲಯವೂ ಸೇರಿದೆ.

ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ಅವರಂತಹವರು ಕಾಲ್ನಡಿಗೆಯ ಶ್ರಮದಿಂದ ಈ ಸೀಮೆಯ ಜಾನಪದವನ್ನು ಅಕ್ಷರಕ್ಕಿಳಿಸಿದರು. ನೆರೆಯ ಅಂಕೋಲೆಯ ಸುಕ್ರಿ ಬೊಮ್ಮಗೌಡ ಅವರು 2025ರ ಫೆಬ್ರವರಿಯಲ್ಲಿ ನಮ್ಮನ್ನಗಲಿದರು. ಅಂತಹ ಹಾಡುಗಾರರು ಇಲ್ಲವಾದ ಮೇಲೆ ಉಳಿಯುವುದು ಅವರ ಧ್ವನಿಮುದ್ರಣಗಳು ಮಾತ್ರ. ಅವುಗಳಲ್ಲಿ ಯಾವ ಸಾಲನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕೆಂದು ಮುಂದೆ ತೀರ್ಮಾನಿಸುವವನು ಬಹುಶಃ ಒಬ್ಬ ರಿಮಿಕ್ಸ್ ಮಾಡುವ ಯುವಕ. ಅವನು ತನಗರಿವಿಲ್ಲದೆಯೇ ಗ್ರಂಥಸಂಪಾದಕನ ಕೆಲಸ ಮಾಡುತ್ತಿದ್ದಾನೆ.

ಆದ್ದರಿಂದ ಕ್ಷೇತ್ರಕಾರ್ಯದ ನಮೂನೆಗಳಲ್ಲಿ ರಿಮಿಕ್ಸಿಗೂ ಒಂದು ಕಂಡಿಕೆ ಇರಲಿ. ಬೆರೆಸಿದವರು ಯಾರು, ಎಲ್ಲಿ, ಯಾವ ಸಂದರ್ಭಕ್ಕೆ, ಯಾರ ಕಂಠದಿಂದ, ಯಾವ ಸಾಲು ಬಿಟ್ಟು ಎಂಬ ಐದು ವಿವರಗಳು ಸಾಕು. ಹಳೆಯ ಕ್ಯಾಸೆಟ್ಟು ಮತ್ತು ಮೆಮೊರಿ ಕಾರ್ಡುಗಳಲ್ಲಿ ಉಳಿದಷ್ಟನ್ನಾದರೂ ಹಸ್ತಪ್ರತಿ ಭಂಡಾರಗಳು ಪಡೆದುಕೊಳ್ಳಲಿ. ಧ್ವನಿಮುದ್ರಣದ ಒಂದು ಪ್ರತಿ, ಹಾಡಿದವರ ಹೆಸರಿನೊಡನೆ, ಅವರ ಮನೆಗೂ ಮರಳಲಿ. ಕಂಪನಿ ನಾಟಕದ ಅಚ್ಚಿನವನು ಪದ್ಯದ ಮೇಲೆ ಮಟ್ಟಿನ ಹೆಸರು ಹಾಕುತ್ತಿದ್ದ. ಅಷ್ಟು ಸೌಜನ್ಯವನ್ನು ಇಂದಿನ ಬೆರೆಸುವವರಿಂದಲೂ, ಅದಕ್ಕೂ ಮೊದಲು ನಮ್ಮಿಂದಲೂ ನಿರೀಕ್ಷಿಸುವುದು ಹೆಚ್ಚೇನಲ್ಲ.