ಶೀಘ್ರತೆಯೇ ಪ್ರತಿಭೆಯೆ?

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ವಿದ್ಯಾವಂತರು ಅವಧಾನಿಗಳಿಗೆ ಸಲ್ಲಿಸುವ ಮನ್ನಣೆಯು ಯೋಗ್ಯವಾದುದೇ. ಆದರೆ ಕ್ಷಣಾರ್ಧದಲ್ಲಿ ಪದ್ಯ ಕಟ್ಟುವವನೇ ಪ್ರತಿಭಾವಂತನು, ಒಂದೇ ಕೃತಿಯನ್ನು ವರ್ಷಗಟ್ಟಲೆ ತಿದ್ದುವವನು ಶಕ್ತಿಹೀನನು ಎಂಬ ತೀರ್ಪು ಅನ್ಯಾಯವಾದುದು. ಕುರುಗೋಡಿನ ಏಕಶಿಲೆಯ ದೊಡ್ಡಬಸವಣ್ಣನ ಮುಂದೆ ನಿಂತವರಾರೂ ಶಿಲ್ಪಿಯು ಇದನ್ನು ಎಷ್ಟು ದಿನಗಳಲ್ಲಿ ಮುಗಿಸಿದನೆಂದು ಕೇಳುವುದಿಲ್ಲ. ಕವಿಗೂ ಗಾಯಕನಿಗೂ ಮಾತ್ರ ಈ ಪ್ರಶ್ನೆಯೇಕೆ?

ಇಂತಹ ತೀರ್ಪುಗಾರರು ಜರ್ಮನಿಯ ಸಂಗೀತರಚಕನಾದ ಯೋಹಾನೆಸ್ ಬ್ರಾಹ್ಮ್ಸನ ವೃತ್ತಾಂತವನ್ನು ಪರಿಶೀಲಿಸಬೇಕು. 1853ರಲ್ಲಿ, ಅವನಿಗಿನ್ನೂ 20 ವರ್ಷ ವಯಸ್ಸಾಗಿದ್ದಾಗ, ಹಿರಿಯನಾದ ಶೂಮನ್ನನು ಪತ್ರಿಕೆಯಲ್ಲಿ ಅವನನ್ನು ಕೊಂಡಾಡಿದನು. ಆ ಹೊಗಳಿಕೆಯು ವರವೂ ಹೌದು, ಹೊರೆಯೂ ಹೌದು. ಸಿಂಫೊನಿಯೆಂಬುದು ಹಲವು ಬಗೆಯ ವಾದ್ಯಗಳಿಗೆ ಬೇರೆಬೇರೆಯಾಗಿ ಸ್ವರ ಬರೆದು ಏಕೀಭವಿಸುವ ಮಹಾಪ್ರಬಂಧ, ಆಶುವಾಗಿ ಆಗತಕ್ಕುದಲ್ಲ. 1854ರಲ್ಲಿ ಅವನು ತೊಡಗಿದ ಒಂದು ಸಿಂಫೊನಿಯು ನಿಲ್ಲದೆ, ಕಡೆಗೆ ಪಿಯಾನೊ ಕಾನ್ಚೆರ್ಟೊ ಆಗಿ ರೂಪಾಂತರ ಹೊಂದಿತು. 1859ರಲ್ಲಿ ಲೈಪ್ಜಿಗ್ ನಗರದ ಶ್ರೋತೃಗಳು ಅದನ್ನು ಛೀಗುಟ್ಟಿದರು. 1862ರಲ್ಲಿ ಮತ್ತೊಂದು ಸಿಂಫೊನಿಯ ಮೊದಲ ಭಾಗವನ್ನು ಶೂಮನ್ನನ ವಿಧವೆ ಕ್ಲಾರಾಳಿಗೆ ಕಳುಹಿಸಿದನು. ಆ ಕೃತಿಯು ಪೂರ್ಣವಾಗಿ ಸಭೆಯನ್ನು ಕಂಡುದು 1876ರ ನವೆಂಬರ್ 4ರಂದು, ಕಾರ್ಲ್ಸ್‌ರೂಹೆಯಲ್ಲಿ.

ಆ 14 ವರ್ಷಗಳು ವ್ಯರ್ಥವಾದುವೆ? ಇಂದು ಕೇಳುವವರ ಎದೆ ನಡುಗಿಸುವ ಆರಂಭ, ದುಂದುಭಿಯ ಎಡೆಬಿಡದ ಪೆಟ್ಟಿನ ಮೇಲೆ ಏರುವ ಆ ಗಂಭೀರ ಪೀಠಿಕೆ, 1862ರ ಕರಡಿನಲ್ಲಿ ಇರಲೇ ಇಲ್ಲ! ಅವಸರದವರ ಮಾತಿಗೆ ಕಿವಿಗೊಟ್ಟಿದ್ದರೆ ಲೋಕಕ್ಕೆ ದೊರೆಯುತ್ತಿದ್ದುದು ಶಿರವಿಲ್ಲದ ದೇಹ. ಸಿರುಗುಪ್ಪದ ರೈತನು ತೆನೆಗೆ ಹಾಲು ತುಂಬುವ ಮೊದಲೇ ಕುಡುಗೋಲು ಹಿಡಿದು ಬತ್ತದ ಗದ್ದೆಗೆ ಇಳಿಯುವನೆ?

ಬೇಥೋವೆನ್ನನ ಒಂಬತ್ತು ಸಿಂಫೊನಿಗಳಿಗೆ ಹೆದರಿ ಬ್ರಾಹ್ಮ್ಸನು ಹಿಂಜರಿದನೆಂದು ಆಕ್ಷೇಪಿಸುವವರುಂಟು. ಹೆದರಿದ್ದನು, ಅದನ್ನೇಕೆ ಅಲ್ಲಗಳೆಯಬೇಕು? ರಘುವಂಶವನ್ನು ಓದಿದ ಮೇಲೂ ಲೇಖನಿ ಹಿಡಿಯುವಾಗ ಕೈ ನಡುಗದವನು ಓದಿದುದಾದರೂ ಏನನ್ನು? ಹಾಗೆಂದು ಅವನು ಸುಮ್ಮನೆ ಕುಳಿತಿರಲಿಲ್ಲ. ಈ ನಡುವೆ ಜರ್ಮನ್ ರೆಕ್ವಿಯಮ್ ಎಂಬ ಬೃಹದ್ಗಾನ ಮುಗಿಯಿತು; ಹೈಡನ್ನನದೆನ್ನಲಾದ ವಸ್ತುವಿನ ಮೇಲೆ 1873ರಲ್ಲಿ ವಾದ್ಯವೃಂದಕ್ಕಾಗಿ ವಿಸ್ತಾರಗಳನ್ನು ರಚಿಸಿದನು. ತನಗೆ ಸಮಾಧಾನ ಕೊಡದ ಹಸ್ತಪ್ರತಿಗಳನ್ನು ತಾನೇ ನಾಶಮಾಡಿದನು. ಆಲಸ್ಯಕ್ಕೆ ಈ ಬಗೆಯ ಕಾಠಿಣ್ಯವೆಲ್ಲಿಯದು? (ಏನನ್ನೂ ಬರೆಯದೆ ಬ್ರಾಹ್ಮ್ಸನ ಹೆಸರು ಹೇಳಿಕೊಳ್ಳುವ ಸೋಮಾರಿಗಳಿಗೆ ಈ ಸಮರ್ಥನೆ ಸಲ್ಲದು.)

ಪ್ರಥಮ ಪ್ರಯೋಗವಾದ ಮೇಲೂ ಎರಡನೆಯ ಭಾಗವನ್ನು ಬಹಳವಾಗಿ ತಿದ್ದಿಯೇ ಅವನು 1877ರಲ್ಲಿ ಅಚ್ಚಿಗೆ ಕೊಟ್ಟನು. ಅದೇ ವರ್ಷ, ಒಂದೇ ಬೇಸಗೆಯಲ್ಲಿ ಕೈಗೂಡಿದ ಎರಡನೆಯ ಸಿಂಫೊನಿಯು ವಿಯೆನ್ನಾದ ಸಭೆಯನ್ನು ಏರಿತು. ಮೂರನೆಯದು 1883ರಲ್ಲಿ, ನಾಲ್ಕನೆಯದು 1885ರಲ್ಲಿ ಬಂದುವು.